ಹಳೆಯ ರಿಸೀವರ್ ಬದಲಿಸಲು ಹೊರಟದ್ದು

ಕೆಲವರ ಮನೆಗೆ ನೆಂಟರು ಹೇಳದೆ ಕೇಳದೆ ಬರುತ್ತಾರೆ. ನಮ್ಮ ಮನೆಗೆ ಹಾಗೆ ಪ್ರಸಂಗಗಳು ಬರುತ್ತವೆ. ಅವುಗಳಲ್ಲಿ ಅರ್ಧದಷ್ಟು ಒಂದೇ ಯಂತ್ರದ ಸುತ್ತ ನಡೆದವು ಎಂಬುದನ್ನು ನಾನು ಬಹಳ ತಡವಾಗಿ ಗಮನಿಸಿದೆ.

ಆ ಯಂತ್ರಕ್ಕೆ ರಿಸೀವರ್ ಎಂದು ಹೆಸರು. ಟಿ.ವಿ.ಗೂ ಐದು ಸ್ಪೀಕರುಗಳಿಗೂ ನಡುವೆ ಕೂತು, ಯಾವ ಸದ್ದು ಯಾವ ಮೂಲೆಯಿಂದ ಬರಬೇಕು ಎಂದು ಹಂಚಿಕೊಡುವುದು ಅದರ ಕೆಲಸ. ಹದಿಮೂರು ಕಿಲೋ ತೂಕ. ಮುಖದ ಮೇಲೆ ನಮ್ಮ ಮನೆಯ ಜನಕ್ಕಿಂತ ಹೆಚ್ಚು ಗುಂಡಿಗಳು. ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ, ಮಸ್ಕತ್ತಿನ ಕೆಲಸ ಬಿಟ್ಟು ಬಂದ ನನ್ನ ಹೆಂಡತಿಯ ತಮ್ಮ ಅದನ್ನು ಪುಣೆಯ ಹಡಪಸರದ ನಮ್ಮ ಎರಡನೇ ಮಹಡಿಯ ಮನೆಗೆ ಹೊತ್ತು ತಂದ. ಏದುಸಿರು ಬಿಡುತ್ತ ನೆಲಕ್ಕಿಳಿಸಿ, "ಇನ್ನ ಇದು ನಿಮ್ಮದು ರೀ, ಭಾವಾ" ಎಂದ. ನಮ್ಮವ್ವ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ 'ಕರೀ ಪೆಟ್ಟಿಗಿ' ಎಂದು ನಾಮಕರಣ ಮಾಡಿದಳು.

ಅದನ್ನು ಬದಲಿಸಬೇಕೋ ಬೇಡವೋ ಎಂದು ತೀರ್ಮಾನಿಸುವವನು ನಾನು ಎಂದು ಆಗ ನಂಬಿದ್ದೆ.

ಹಿಂದಿನಿಂದ ಮಾತಾಡಿದವರು

ಐದು ಸ್ಪೀಕರುಗಳನ್ನೂ ಜೋಡಿಸಿದ ಮೊದಲ ಭಾನುವಾರ ನೆರೆಹೊರೆಯವರನ್ನು ಕರೆದೆ. ಮುಂದೆ ಮೂರು ಸ್ಪೀಕರು, ಬೆನ್ನ ಹಿಂದೆ ಗೋಡೆಗೆ ಎರಡು. ಕಾಡಿನಲ್ಲಿ ದಾರಿ ತಪ್ಪಿದವರ ಕಥೆಯ ಒಂದು ಸಿನೆಮಾ ಹಾಕಿದೆ.

ಮೊದಲ ಐದು ನಿಮಿಷ ಯಾರೂ ಉಸಿರಾಡಲಿಲ್ಲ. ಎಲೆ ಎಡಕ್ಕೆ ಸರಸರ ಎಂದರೆ ಎಲ್ಲರ ಕುತ್ತಿಗೆಯೂ ಎಡಕ್ಕೆ. ಹಕ್ಕಿ ಬಲಕ್ಕೆ ಹಾರಿದರೆ ಬಲಕ್ಕೆ. ನಮ್ಮವ್ವ ಎದ್ದು ಹೋಗಿ ಹಿಂದಿನ ಪರದೆ ಸರಿಸಿ ನೋಡಿ, ಅಲ್ಲಿ ಗೋಡೆ ಮಾತ್ರ ಇದೆ ಎಂದು ಖಚಿತಪಡಿಸಿಕೊಂಡು, ಸುಮ್ಮನೆ ಕೈಮುಗಿದು ಬಂದು ಕೂತಳು.

ಅಷ್ಟರಲ್ಲಿ ಯಾರೋ ಹಿಂದಿನಿಂದ "ಯಾರಲ್ಲಿ?" ಎಂದು ಕೂಗಿದರು. ಸಿನೆಮಾದಲ್ಲೇ. ಎದುರು ಮನೆಯ ನಿವೃತ್ತ ಹೆಡ್ಮಾಸ್ತರರು, ನಾವೆಲ್ಲ ಗುರೂಜಿ ಎನ್ನುತ್ತಿದ್ದ ಮರಾಠಿ ಹಿರಿಯರು, ತಟ್ಟನೆ ಎದ್ದು ತಮ್ಮ ಕುರ್ಚಿಯನ್ನು ಪೂರ್ತಿ ತಿರುಗಿಸಿ ಗೋಡೆಗೆ ಮುಖ ಮಾಡಿ ಕೂತರು.

"ಗುರೂಜಿ, ಚಿತ್ರ ಈ ಕಡೆ ಇದೆ" ಎಂದೆ ಮರಾಠಿಯಲ್ಲಿ.

"ಗೊತ್ತು" ಎಂದರು ಅವರೂ ಮರಾಠಿಯಲ್ಲೇ, ತಿರುಗದೆ. "ಆದರೆ ಒಬ್ಬರು ಮಾತಾಡುತ್ತಿರುವಾಗ ಅವರಿಗೆ ಬೆನ್ನು ಹಾಕಿ ಕೂಡಬಾರದು ಎಂದು ನಾನು ಮೂವತ್ತು ವರ್ಷ ಮಕ್ಕಳಿಗೆ ಕಲಿಸಿದ್ದೇನೆ."

ಎರಡೂವರೆ ಗಂಟೆ ಹಾಗೆಯೇ ಕೂತರು. ಹಿಂದಿನ ಸ್ಪೀಕರುಗಳಿಗೆ ಸಿನೆಮಾದಲ್ಲಿ ಹೆಚ್ಚು ಕೆಲಸ ಇರುವುದಿಲ್ಲ. ಗಾಳಿ, ಹಕ್ಕಿ, ಆಗೊಮ್ಮೆ ಈಗೊಮ್ಮೆ ಹೆಜ್ಜೆ ಸದ್ದು. ಮುಗಿದ ಮೇಲೆ, ಹೇಗಿತ್ತು ಎಂದು ಸಂಕೋಚದಿಂದ ಕೇಳಿದೆ.

"ಉತ್ತಮ ಕೃತಿ" ಎಂದರು. "ಮಾತು ಕಡಿಮೆ. ಹಕ್ಕಿಗಳ ಅಭಿನಯ ವಿಶೇಷವಾಗಿತ್ತು."

ಗುಲಾಲು

ಪುಣೆಯಲ್ಲಿ ನಿಮ್ಮ ಹತ್ತಿರ ದೊಡ್ಡ ಸದ್ದು ಮಾಡುವ ವಸ್ತು ಇದೆ ಎಂಬ ಸುದ್ದಿ ಮೊದಲು ತಲುಪುವುದು ಗಣಪತಿ ಮಂಡಳಕ್ಕೆ. ನಮ್ಮ ಬೀದಿಯ ಮಂಡಳದ ಅಧ್ಯಕ್ಷರು ದೊಡ್ಡ ಮೀಸೆಯ ಸಣ್ಣ ಮನುಷ್ಯ. "ಕಾಕಾ, ಫಕ್ತ ದಹಾ ದಿವಸ" ಎಂದು ಹತ್ತು ದಿನದ ಮಟ್ಟಿಗೆ ಕೇಳಿದರು. ದೇವರ ಕೆಲಸಕ್ಕೆ ಇಲ್ಲ ಎನ್ನುವುದು ಹೇಗೆ?

ವಿಸರ್ಜನೆಯ ಮರುದಿನ ಪೆಟ್ಟಿಗೆ ಮರಳಿ ಬಂತು. ಹೊರಗೆ ಸ್ವಚ್ಛ. ಒಳಗೆ, ಗಾಳಿಯಾಡಲೆಂದು ನೆತ್ತಿಯ ಮೇಲೆ ಬಿಟ್ಟ ಸೀಳುಗಳಲ್ಲಿ, ಎಷ್ಟು ಗುಲಾಲು ಇಳಿದಿತ್ತೋ ಅದನ್ನು ಗಣಪತಿಯೇ ಬಲ್ಲ. ಡೋಲಿನ ದೊಡ್ಡ ಪೆಟ್ಟು ಬಂದಾಗಲೆಲ್ಲ ಸೀಳಿನಿಂದ ಒಂದು ಚಿಟಿಕೆ ಗುಲಾಬಿ ಪುಡಿ ಮೇಲೆದ್ದು, ದೀಪದ ಬೆಳಕಿನಲ್ಲಿ ತೇಲಿ, ನಿಧಾನ ಇಳಿಯುತ್ತಿತ್ತು. ಅಂಥ ಸುಂದರ ದೃಶ್ಯವನ್ನು ನಾನು ಆ ಟಿ.ವಿ.ಯಲ್ಲಿ ಎಂದೂ ನೋಡಿರಲಿಲ್ಲ. ಒರೆಸಲು ಹೋದರೆ ನಮ್ಮವ್ವ ಬಿಡಲಿಲ್ಲ. "ಪ್ರಸಾದ ಅದ ತಮ್ಮಾ. ಎಷ್ಟ ದಿನಾ ಬರ್ತದೋ ಬರಲಿ."

ನಾನು ಭೋಸರಿಯ ಒಂದು ಕಾರ್ಖಾನೆಯಲ್ಲಿ, ತಗಡು ಒತ್ತುವ ಪ್ರೆಸ್ ಶಾಪಿನಲ್ಲಿ, ಗುಣಮಟ್ಟ ಪರೀಕ್ಷಿಸುವ ಇನ್ಸ್‌ಪೆಕ್ಟರ್. ನಮ್ಮ ಮ್ಯಾನೇಜರರು ಬೆಳಗಾವಿ ಕಡೆಯವರು, ವಾರದ ಏಳೂ ದಿನ ಬಿಳಿ ಅಂಗಿ. ಒಂದು ಶನಿವಾರ ಸಂಜೆ ಸದ್ದು ಕೇಳಲೆಂದೇ ಬಂದರು. ಪೆಟ್ಟಿಗೆಯ ಪಕ್ಕದ ಕುರ್ಚಿಯಲ್ಲಿ ಕೂತು, ಕಣ್ಣು ಮುಚ್ಚಿ, ಒಂದು ಗಂಟೆ ಡೋಲು ಕೇಳಿ, "ಭಾಳ ಛಲೋ, ಭಾಳ ಛಲೋ" ಎನ್ನುತ್ತ ಹೋದರು. ಅವರ ಎಡಭುಜ ನಸುಗೆಂಪಾಗಿದ್ದನ್ನು ನಾನು ನೋಡಿದೆ. ಹೇಳುವ ಧೈರ್ಯ ಆಗಲಿಲ್ಲ.

ಸೋಮವಾರ ನನ್ನನ್ನು ಒಳಗೆ ಕರೆದರು.

"ಶನಿವಾರ ನನ್ನ ಅಂಗಿ ಮ್ಯಾಲಿನ ಬಣ್ಣ ಎಲ್ಲಿಂದ ಬಂತಂತ ಮನ್ಯಾಗ ಕೇಳಿದ್ರು ರೀ."

"ಏನ ಹೇಳಿದ್ರಿ ಸರ್?"

"ಖರೇನ ಹೇಳಿದೆ. ಸ್ಪೀಕರ್ ಸದ್ದ ಮಾಡಿದಾಗ ಹಾರಿ ಬಂತು ಅಂದೆ." ಗೋಡೆಯ ಗಡಿಯಾರ ನೋಡಿ, "ಇವತ್ತ ನಿಮ್ಮ ಡಬ್ಬಿ ಒಳಗ ನನಗೂ ಒಂದ ರೊಟ್ಟಿ ಆಗ್ತದೇನ್ರಿ?" ಎಂದರು.

ಎಡಗಡೆಯ ದೋಷ

ಪ್ರೆಸ್ ಶಾಪಿನಲ್ಲಿ ದಿನವಿಡೀ ತಗಡು ಬಡಿಯುತ್ತದೆ. ಅದಕ್ಕೆಂದು ವರ್ಷಕ್ಕೊಮ್ಮೆ ನಮ್ಮ ಕಿವಿ ಪರೀಕ್ಷೆ. ಕಿವಿಗೆ ಹೆಡ್‌ಫೋನ್ ಹಾಕಿ ಸಣ್ಣ ಸಣ್ಣ ಸದ್ದು ಬಿಡುತ್ತಾರೆ. ಕೇಳಿದಾಗ ಗುಂಡಿ ಒತ್ತಬೇಕು. ರಿಸೀವರ್ ಮನೆಗೆ ಬಂದ ಎಂಟನೇ ವರ್ಷ, ಎಡಗಿವಿಯ ಸರದಿ ಬಂದಾಗ, ನಾನು ಬಹಳ ಹೊತ್ತು ಗುಂಡಿ ಒತ್ತಲೇ ಇಲ್ಲ.

"ಪರೀಕ್ಷೆ ಶುರು ಆಗ್ಲಿಲ್ಲೇನ್ರಿ?" ಎಂದು ಕೇಳಿದೆ.

"ಮುಗೀತು" ಎಂದರು ಡಾಕ್ಟರು.

ಎಡಗಿವಿಯಲ್ಲಿ ಸಣ್ಣ, ತೆಳುವಾದ ಸದ್ದುಗಳು ಹೋಗತೊಡಗಿವೆ. ಗೆಜ್ಜೆ, ಹಕ್ಕಿ, ಮಳೆಹನಿ ಇಂಥವು ಮೊದಲು ಹೋಗುತ್ತವೆ. ಬಲಗಿವಿಯೂ ಹಿಂಬಾಲಿಸಬಹುದು ಎಂದರು. ಕಿವಿಗೆ ಹತ್ತಿ ಇಡುವುದನ್ನು ನೆನಪಿಸಿ, "ಇಷ್ಟವಾದದ್ದು ಏನಾದರೂ ಇದ್ದರೆ ಚೆನ್ನಾಗಿ ಕೇಳಿಸಿಕೊಳ್ಳಿ" ಎಂದು ಸಹಿ ಮಾಡಿದರು.

ನನಗೆ ಅವಸರ ಹುಟ್ಟಿದ್ದು ಅಂದು. ಕಿವಿ ಇರುವಾಗಲೇ ಮಳೆ, ಹಕ್ಕಿ, ಗೆಜ್ಜೆ ಎಲ್ಲವನ್ನೂ ನನ್ನ ಮನೆಯಲ್ಲಿ, ನನ್ನ ಕುರ್ಚಿಯಲ್ಲಿ ಕೂತು, ಸುತ್ತಲಿನಿಂದ ಕೇಳಬೇಕು ಎಂದು ನಿಶ್ಚಯಿಸಿದೆ. ಅಂದು ಸಂಜೆ ಕೂತು ಕೇಳಿದರೆ ಎಡಗಡೆ ಮಂಕು. ಹಿಂದಿನಿಂದಂತೂ ಏನೂ ಇಲ್ಲ. ಈಗ ಪ್ರಶ್ನೆ, ಕೆಟ್ಟದ್ದು ಪೆಟ್ಟಿಗೆಯೋ ಕಿವಿಯೋ?

ನಮ್ಮ ಬೀದಿಯಲ್ಲಿ ರೇಡಿಯೋ, ಮಿಕ್ಸರ್, ಇಸ್ತ್ರಿಪೆಟ್ಟಿಗೆ ಎಲ್ಲ ರಿಪೇರಿ ಮಾಡುವ ವಿಜಾಪುರ ಕಡೆಯವನೊಬ್ಬನಿದ್ದ. ಕರೆಸಿದೆ. ಪೆಟ್ಟಿಗೆ ಬಿಚ್ಚಿದ, ಊದಿದ, ಮುಖ ಗುಲಾಬಿ ಮಾಡಿಕೊಂಡು ನಾಲ್ಕು ಸಲ ಸೀನಿದ. ಎಲ್ಲ ತಂತಿಗಳನ್ನು ಮುಟ್ಟಿ ನೋಡಿ, ಹಾಡು ಹಚ್ಚಿ, ನನ್ನ ಕಡೆ ತಿರುಗಿದ.

"ಸಾಹೇಬ್ರ, ಈಗ ಯಾವ ಕಡೆ ಮಂಕ ಅದ?"

"ಎಡಕ್ಕ."

"ಟಿ.ವಿ.ಗೆ ಬೆನ್ನ ಮಾಡಿ ಕೂಡ್ರಿ. ಈಗ?"

ತಿರುಗಿ ಕೂತೆ. ಇಷ್ಟು ಹೊತ್ತು ಚೆನ್ನಾಗಿ ಹಾಡುತ್ತಿದ್ದ ಬಲಗಡೆಯ ಸ್ಪೀಕರು ಈಗ ನನ್ನ ಎಡಕ್ಕೆ ಬಂದಿತ್ತು, ಬಂದೊಡನೆ ಮಂಕಾಗಿತ್ತು. "ಈಗೂ ಎಡಕ್ಕ" ಎಂದೆ ಸಣ್ಣ ದನಿಯಲ್ಲಿ.

ಅವನು ಸ್ಕ್ರೂ ಬಿಗಿಯತೊಡಗಿದ. "ಮುಂದಿನ ಮೂರೂ ಬರೋಬ್ಬರಿ ಅದಾವ್ರಿ. ಹಿಂದಿನ ಎರಡಕ್ಕ ಹೋಗೂ ಸಾಮಾನ ಸುಟ್ಟದ. ಈ ಮಾಡೆಲ್ ಬಂದ್ ಆಗೇದ, ಸಾಮಾನ ಸಿಗೂದಿಲ್ಲ. ಹೊಸಾದ ತಗೊಳ್ರಿ."

"ಮತ್ತ ಎಡಗಡೆದು?"

"ಅದೂ ಬಂದ್ ಆದ ಮಾಡೆಲ್ಲ ರೀ" ಎಂದ, ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ.

ಕತ್ತಲೆ ಕೋಣೆ

ಊರೊಳಗಿನ ಒಂದು ದೊಡ್ಡ ಅಂಗಡಿಯಲ್ಲಿ ಸದ್ದು ಕೇಳಿಸಲೆಂದೇ ಒಂದು ಕೋಣೆ ಇತ್ತು. ಗೋಡೆಗೆಲ್ಲ ಕರಿಯ ಬಟ್ಟೆ. ನನ್ನನ್ನೂ ನನ್ನ ಹೆಂಡತಿಯನ್ನೂ ಮೆತ್ತನೆಯ ಸೋಫಾದಲ್ಲಿ ಕೂಡಿಸಿ, ಟೈ ಕಟ್ಟಿದ ಮಾರಾಟಗಾರ ದೀಪ ಆರಿಸಿದ.

ಮಳೆ ಶುರುವಾಯಿತು.

ಇದನ್ನು ನಾನು ಉತ್ಪ್ರೇಕ್ಷೆಯಿಲ್ಲದೆ ಹೇಳಬೇಕು. ಮೊದಲು ದೂರದಲ್ಲಿ ಎಲ್ಲೋ ತಗಡಿನ ಮೇಲೆ ಒಂದು ಹನಿ. ಆಮೇಲೆ ಎಲೆಯ ಮೇಲೆ. ಆಮೇಲೆ ನನ್ನ ನೆತ್ತಿಯ ಮೇಲೆ ಇದೆಯೋ ಇಲ್ಲವೋ ಎಂಬ ಮಾಡಿನ ಮೇಲೆ, ಒಂದೊಂದೇ, ಎಣಿಸಬಹುದು ಎನ್ನುವ ಹಾಗೆ. ಎಂಟು ವರ್ಷ ಮನೆಯಲ್ಲಿ ಸದ್ದನ್ನು ಸಾಕಿದವನು ನಾನು. ಸದ್ದಿಗೆ ಇಷ್ಟು ಆಳ ಇರುತ್ತದೆಂದು ಗೊತ್ತಿರಲಿಲ್ಲ. ಎಡಗಡೆಯಿಂದಲೂ ಮಳೆ ಬಂತು. ನನ್ನ ಕಿವಿಗೆ ಬಂತೋ, ಮನಸ್ಸು ತುಂಬಿಕೊಂಡಿತೋ, ವಿಚಾರಿಸಲು ಹೋಗಲಿಲ್ಲ. ದೀಪ ಹಚ್ಚಿದಾಗ ನನ್ನ ಹೆಂಡತಿ ತಲೆಯ ಮೇಲೆ ಸೆರಗು ಹೊದ್ದು ಕೂತಿದ್ದಳು.

"ತಗೊಳ್ಳೋಣ್ರಿ" ಎಂದಳು.

ಇಪ್ಪತ್ತು ವರ್ಷದ ಸಂಸಾರದಲ್ಲಿ ಒಂದು ಯಂತ್ರದ ಬಗ್ಗೆ ಅವಳು ಈ ಮಾತು ಹೇಳಿದ್ದು ಅದೇ ಮೊದಲು. ಅಲ್ಲಿಗೆ ಮಾರಾಟಗಾರ ಸುಮ್ಮನಿದ್ದರೆ ಸಾಕಿತ್ತು. ಅವನು ಒಂದು ಹೆಜ್ಜೆ ಮುಂದೆ ಹೋದ. "ಇನ್ನೊಂದು ವಿಶೇಷ ನೋಡಿ ತಾಯಿ" ಎಂದು ಮರಾಠಿಯಲ್ಲಿ ಹೇಳಿ, "ಬೆಳಗಿನಿಂದ ನಡೀತಾ ಇದೆ. ಮೇಲೆ ಕೈಯಿಡಿ. ಬಿಸಿಯೇ ಆಗಲ್ಲ!" ಎಂದ.

ಅವಳು ಕೈಯಿಟ್ಟಳು. ಬೆಂಕಿ ಮುಟ್ಟಿದವಳ ಹಾಗೆ ಹಿಂದಕ್ಕೆಳೆದಳು. "ಅಯ್ಯ, ಇದು ತಣ್ಣಗದ!"

"ಹೌದು!" ಎಂದ ಅವನು, ಹೆಮ್ಮೆಯಿಂದ.

"ಹಂಗಾರ ಅತ್ತಿಯವರನ್ನ ಒಂದ ಮಾತ ಕೇಳಬೇಕ್ರಿ."

ಮನೆಗೆ ಬಂದ ಮೇಲೆ ಎಂಟು ವರ್ಷದ ರಹಸ್ಯ ಹೊರಬಿತ್ತು. ಪುಣೆಯ ಚಳಿಗಾಲದಲ್ಲಿ ಇಡ್ಲಿ ಹಿಟ್ಟು ಉಬ್ಬುವುದಿಲ್ಲ. ನಾನು ಸಿನೆಮಾ ನೋಡಿ ಎದ್ದೊಡನೆ ಅತ್ತೆ ಸೊಸೆ ಇಬ್ಬರೂ ಸೇರಿ ಹಿಟ್ಟಿನ ಪಾತ್ರೆಯನ್ನು ಬಿಸಿ ಪೆಟ್ಟಿಗೆಯ ಮೇಲೆ ಇಟ್ಟು, ಟವೆಲ್ ಹೊದಿಸುತ್ತಿದ್ದರು. ಬೆಳಿಗ್ಗೆ ನಾನು ಏಳುವುದರೊಳಗೆ ತೆಗೆಯುತ್ತಿದ್ದರು.

"ಮೇಲೆ ಏನನ್ನೂ ಇಡಬಾರದು ಅಂತ ನಾನ ಚೀಟಿ ಬರದ ಅಂಟಿಸಿದ್ದೆ!"

"ಓದೇವೋ ತಮ್ಮಾ" ಎಂದಳು ಅವ್ವ. "ಅದರ ಮ್ಯಾಲೇ ಇಡತಿದ್ವಿ."

ನನ್ನ ಹೆಂಡತಿ ಸಮಾಧಾನ ಹೇಳಿದಳು. "ನಿಮ್ಮ ಸಿನೆಮಾಕ್ಕೂ ಇಡ್ಲಿಗೂ ಸಂಬಂಧ ಅದ ರೀ. ಸಂಸಾರದ ಕಥಿ ನೋಡಿದ್ರ ಸಾಧಾರಣ ಉಬ್ಬತದ. ಯುದ್ಧದ ಸಿನೆಮಾ ನೋಡಿದ ಮರುದಿನ ನೋಡ್ರಿ, ಹತ್ತಿ ಇದ್ದಾಂಗ."

ಶನಿವಾರ ಶನಿವಾರ ಅವಳು ಯುದ್ಧದ ಸಿನೆಮಾವನ್ನೇ ಆರಿಸಿ ತರುತ್ತಿದ್ದುದು ನನ್ನ ಅಭಿರುಚಿಯ ಮೇಲಿನ ಗೌರವದಿಂದ ಎಂದು ನಾನು ತಿಳಿದಿದ್ದೆ.

ಅಲುಗಾಡಿಸಬಾರದ್ದು

ಅವ್ವನಿಗೆ ಡಾಕ್ಟರು ಹೇಳಿದ್ದನ್ನು ಹೇಳಿದೆ. ಅವಳು ಬಹಳ ಹೊತ್ತು ನನ್ನ ಎಡಗಿವಿಯನ್ನು ನೋಡಿದಳು. "ಹಿಟ್ಟಿಗೆ ಬ್ಯಾರೆ ದಾರಿ ನೋಡತೀನಿ. ಕಿವಿಗೆ ಎಲ್ಲಿ ನೋಡ್ಲಿ? ತಗೋ ಹೋಗು" ಎಂದಳು.

ಅಂಗಡಿಯಲ್ಲಿ ಹಳೆಯದನ್ನು ಕೊಟ್ಟು ಹೊಸದನ್ನು ಕಡಿಮೆ ಬೆಲೆಗೆ ಒಯ್ಯುವ ಯೋಜನೆಯಿತ್ತು, ಆದರೆ ದಸರೆಯ ಹಿಂದಿನ ದಿನದವರೆಗೆ ಮಾತ್ರ. ಅದಿಲ್ಲದೆ ಆ ಯಂತ್ರ ನನ್ನ ಕೈಗೆ ಎಟುಕುವಂಥದಾಗಿರಲಿಲ್ಲ. ಹೆಸರು ಬರೆಸಿದೆ. ನವರಾತ್ರಿಯ ಐದನೇ ದಿನ ಅಂಗಡಿಯ ಗಾಡಿ ಬಂದು ಹೊಸದನ್ನಿಟ್ಟು ಹಳೆಯದನ್ನು ಎತ್ತಿಕೊಂಡು ಹೋಗುವುದೆಂದು ನಿಶ್ಚಯವಾಯಿತು.

ನವರಾತ್ರಿಯ ಮೊದಲ ದಿನ ನಮ್ಮ ಮನೆಯಲ್ಲಿ ಘಟ ಕೂಡಿಸುತ್ತಾರೆ. ಎಲೆ ಹೊಲಿದ ಪತ್ರಾವಳಿಯ ಮೇಲೆ ಹೊಲದ ಮಣ್ಣು ಹರವಿ, ಕಾಳು ಬಿತ್ತಿ, ನಡುವೆ ನೀರಿನ ಕೊಡ ಇಟ್ಟು ಒಂಬತ್ತು ದಿನ ಪೂಜೆ. ಸಸಿ ಎಷ್ಟು ಎತ್ತರವೋ ಮನೆಗೆ ಅಷ್ಟು ಏಳಿಗೆ. ಒಮ್ಮೆ ಕೂಡಿಸಿದ ಘಟವನ್ನು ಒಂಬತ್ತು ದಿನ ಅಲುಗಾಡಿಸುವ ಹಾಗಿಲ್ಲ.

ಅಂದು ಕಾರ್ಖಾನೆಯಿಂದ ಬಂದು ನೋಡುತ್ತೇನೆ: ಘಟ ರಿಸೀವರಿನ ಮೇಲೆ ಕೂತಿದೆ. ಕೆಳಗೊಂದು ಹಿತ್ತಾಳೆ ತಾಟು, ಅಷ್ಟೇ ಸುರಕ್ಷೆ.

"ಅವ್ವಾ! ಇಲ್ಲ್ಯಾಕ?"

"ಹೋದ ವರ್ಷ ಮೂಲ್ಯಾಗ ಥಂಡಿಗೆ ಕಾಳ ಏಳಲಿಲ್ಲೋ ಯಪ್ಪಾ. ಇದು ಹೆಂಗೂ ಹೋಗೂದ ಅದ. ಹೋಗೂದ್ರಾಗ ಒಂದ ಸಲ ದೇವರ ಸೇವಾ ಮಾಡ್ಲಿ."

"ಐದನೇ ದಿನಕ್ಕ ಗಾಡಿ ಬರ್ತದ!"

ಅವ್ವ ಬೆರಳು ಮಡಿಚಿ ದಿನಗಳನ್ನು ಲೆಕ್ಕ ಹಾಕಿದಳು. ಬಾಯಿಯ ಮೇಲೆ ಕೈ ಹೋಯಿತು. ಲೆಕ್ಕ ತಪ್ಪಿದ್ದು ಅವಳಿಗೆ ಹೊಳೆದದ್ದು ಆಗ. ಆದರೆ ಘಟ ಕೂತಾಗಿತ್ತು.

"ಬರಲಿ ತಗೋ" ಎಂದಳು ಕೊನೆಗೆ. "ಪ್ರಸಾದ ತಗೊಂಡ ಹೋಗಲಿ."

ನಂದಾದೀಪ ಆರಬಾರದಲ್ಲ, ಅದೇ ನಿಯಮ ಪೆಟ್ಟಿಗೆಗೂ ಅನ್ವಯವಾಯಿತು. ಸದ್ದಿಲ್ಲದೆ, ಸ್ವಿಚ್ ಮಾತ್ರ ಹಾಕಿದ ಸ್ಥಿತಿಯಲ್ಲಿ ಹಗಲೂ ರಾತ್ರಿ ಅದು ಬೆಚ್ಚಗೆ ಉರಿಯಿತು. ಎರಡನೇ ದಿನ ಮೊಳಕೆ. ಮೂರನೇ ದಿನ ಹಸಿರು. ಬಿಲ್ಡಿಂಗಿನ ಹೆಂಗಸರೆಲ್ಲ ಬಂದು ಕೈಮುಗಿದು, "ನಮ್ಮನ್ಯಾಗ ಇನ್ನೂ ಕಾಳ ಒಡದಿಲ್ಲ" ಎಂದು ಪಿಸುಗುಟ್ಟಿ ಹೋದರು. ನಾಲ್ಕನೇ ದಿನ ನಾನೇ ಕಾರ್ಖಾನೆಯ ಉಕ್ಕಿನ ಅಳತೆಪಟ್ಟಿ ಹಿಡಿದು ನಿಂತಿದ್ದೆ. ಸದ್ದು ಮಾಡಲಿಕ್ಕೆಂದು ಯಾರೋ ಎಲ್ಲಿಯೋ ಮಾಡಿದ ಯಂತ್ರ, ಒಂದು ಮಾತೂ ಆಡದೆ ಬೆಳೆ ತೆಗೆಯುತ್ತಿತ್ತು.

ಐದನೇ ದಿನ ಟೈ ಕಟ್ಟಿದ ಆ ಮಾರಾಟಗಾರ ಇಬ್ಬರು ಹಮಾಲರೊಂದಿಗೆ ಬಂದ. ಬಾಗಿಲಲ್ಲೇ ನಿಂತುಬಿಟ್ಟ. ಬೂಟು ಬಿಚ್ಚಿದ, ಕೈಮುಗಿದ. ಹಮಾಲರು ಹೊಸ ಪೆಟ್ಟಿಗೆಯನ್ನು ಹೊಸ್ತಿಲಾಚೆ ಇಳಿಸಿ ಅವರೂ ಕೈಮುಗಿದರು.

"ಕಾಕಾ," ಎಂದ ಮೆಲ್ಲಗೆ, "ನಾನು ಒಯ್ಯಬೇಕಾದದ್ದು ಯಾವುದು?"

"ಕೆಳಗಿನದು."

ಅವನು ಮೊಬೈಲಿನಲ್ಲಿ ಅಂಗಡಿಯ ಮಾಲೀಕರಿಗೆ ವಿಷಯ ವಿವರಿಸಿದ. "ಹಲವೂ ನಕಾ!" ಎಂದು ಮಾಲೀಕರು ಕೂಗಿದ್ದು ಯಾವ ಸ್ಪೀಕರಿನ ಸಹಾಯವೂ ಇಲ್ಲದೆ ನನ್ನ ಎಡಗಿವಿಗೇ ಕೇಳಿಸಿತು. ಅಲುಗಾಡಿಸಬೇಡಿ ಎಂದರ್ಥ. ದಸರೆಯ ತನಕ ಕಾಯಬಹುದೇ ಎಂದರೆ, ಯೋಜನೆ ಮೇಲಿನವರದು, ಹಿಂದಿನ ದಿನವೇ ಮುಗಿಯುತ್ತದೆ, ತಮ್ಮ ಕೈಯಲ್ಲಿಲ್ಲ ಎಂದರು.

ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮುಂದೆ ಬಂದಳು.

"ತಮ್ಮಾ, ತಪ್ಪ ನಂದು. ನಿನ್ನ ಕಿವಿ ದೊಡ್ಡದು. ನೀ ಹೂಂ ಅನ್ನು, ನಾನ ಎತ್ತತೀನಿ. ದೇವರಿಗೆ ನಾ ಹೇಳ್ಕೋತೀನಿ."

ಹೊಸ್ತಿಲಾಚೆ ಮಳೆ ರಟ್ಟಿನ ಡಬ್ಬಿಯಲ್ಲಿ ಕೂತಿತ್ತು. ನಾನು ಸಸಿಗಳನ್ನು ನೋಡಿದೆ. ಅಂಗೈಗಿಂತ ಎತ್ತರ, ಒತ್ತೊತ್ತಾಗಿ, ತುದಿಯಲ್ಲಿ ಒಂದೊಂದು ನೀರಿನ ಹನಿ. ಅವ್ವನ ಎರಡೂ ಕೈ ತಾಟಿನ ಅಂಚಿನಲ್ಲಿದ್ದವು.

"ಇರಲಿ ಬಿಡವ್ವಾ" ಎಂದೆ.

ಅವ್ವ ಕೈ ತೆಗೆದಳು. ಹಮಾಲರಲ್ಲಿ ಒಬ್ಬ ಜೋರಾಗಿ ಉಸಿರು ಬಿಟ್ಟ. ಮಾರಾಟಗಾರ ಪ್ರಸಾದವನ್ನು ಬಾಯಿಗೆ ಹಾಕಿಕೊಂಡು, ಕೈಯನ್ನು ಪ್ಯಾಂಟಿಗೆ ಒರೆಸಿ, ನನ್ನ ಹೆಸರು ರದ್ದು ಮಾಡುವ ಫಾರ್ಮು ತೆಗೆದ. ಹೆಸರು, ವಿಳಾಸ ತುಂಬಿದ. 'ಹಳೆಯ ಯಂತ್ರದ ಸ್ಥಿತಿ' ಎಂಬ ಜಾಗದಲ್ಲಿ 'ನಡೆಯುತ್ತದೆ', 'ನಡೆಯುವುದಿಲ್ಲ' ಎಂದು ಎರಡೇ ಚೌಕಗಳಿದ್ದವು. ಬಹಳ ಯೋಚಿಸಿದ. ಪೆಟ್ಟಿಗೆಯ ಹತ್ತಿರ ಹೋಗಿ, ಬಗ್ಗಿ, ಮುಟ್ಟದೆ, ಬೆರಳುಗಳನ್ನು ಗಾಳಿಯಲ್ಲೇ ಇಟ್ಟು ಅಳೆದ. ಎರಡೂ ಚೌಕಗಳನ್ನು ಖಾಲಿ ಬಿಟ್ಟು, ಪಕ್ಕದ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಮರಾಠಿಯಲ್ಲಿ ಬರೆದು, ನನ್ನ ಸಹಿಗೆ ಕೊಟ್ಟ.

ಓದಿ ನೋಡಿದೆ. ಇನ್ಸ್‌ಪೆಕ್ಟರ್ ಆಗಿ ಅದರಲ್ಲಿ ತಿದ್ದುವಂಥದೇನೂ ಕಾಣಲಿಲ್ಲ, ಸಹಿ ಹಾಕಿದೆ.

'ಉತ್ತಮ. ಆರು ಬೆರಳು ಬೆಳೆದಿದೆ. ಇನ್ನೂ ಬೆಳೆಯುತ್ತಿದೆ.'